ಕಡಲ ಮೇಲೆ ಇಳಿಯುವ ವಿದ್ಯೆ

ಶೃಂಗೇರಿ, ಹರಿಹರಪುರಗಳನ್ನು ದಾಟಿ ಬರುವ ತುಂಗೆಯೂ ಬಾಳೆಹೊನ್ನೂರನ್ನು ಹಾದು ನರಸಿಂಹರಾಜಪುರದ ಬಳಿ ಹಿನ್ನೀರಾಗಿ ಹರಡಿಕೊಳ್ಳುವ ಭದ್ರೆಯೂ ಪಡುವಣ ಕಡಲಿಗೆ ಬೆನ್ನು ಹಾಕಿ ಹೊರಟ ಹೊಳೆಗಳು. ಕೂಡ್ಲಿಯಲ್ಲಿ ಒಂದಾಗಿ, ಕೃಷ್ಣೆಯ ಜೊತೆಗೂಡಿ ಅವು ಮುಟ್ಟುವುದು ಬಂಗಾಳ ಕೊಲ್ಲಿಯನ್ನು. 1971ರ ಡಿಸೆಂಬರಿನಲ್ಲಿ ಐಎನ್ಎಸ್ ವಿಕ್ರಾಂತ್ ನೌಕೆಯ ಸೀ ಹಾಕ್ ವಿಮಾನಗಳು ಅದೇ ಕೊಲ್ಲಿಯಿಂದ ಎದ್ದು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡಿದವು. ಇಂದು ಘಟ್ಟದ ಕೆಳಗೆ, ನಮ್ಮದೇ ಕಾರವಾರದ ಐಎನ್ಎಸ್ ಕದಂಬ ನೆಲೆ 284 ಮೀಟರ್ ಉದ್ದದ ವಿಕ್ರಮಾದಿತ್ಯಕ್ಕೆ ತವರು ಬಂದರು. ಇಂಥ ವಿಮಾನವಾಹಕ ನೌಕೆಯ ಮಾತು ಬಂದಾಗಲೆಲ್ಲ ಅದರ ತೂಕ, ಉದ್ದ, ಬೆಲೆಯ ಲೆಕ್ಕವೇ ಮುಂದೆ ಬರುತ್ತದೆ. ಅದರ ಆರಂಭದ ವರ್ಷಗಳನ್ನು ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ವಿಮಾನವನ್ನು ಹಡಗಿನಿಂದ ಹಾರಿಸುವುದು ಬೇಗ ಕೈಗೆ ಬಂತು. ಹಾರಿಹೋದದ್ದನ್ನು ಮರಳಿ ಇಳಿಸಿಕೊಳ್ಳುವುದು ಬರಲಿಲ್ಲ. ಈ ನೌಕೆಯ ರೂಪ ನಿರ್ಧಾರವಾದದ್ದು ಇಳಿಯುವ ಸಂಕಟದಿಂದಲೇ. ಅದನ್ನು ಕಲಿತದ್ದೂ ಬೇರೆ ಕೆಲಸಕ್ಕೆಂದು ಕಟ್ಟಿದ, ಅರ್ಧಕ್ಕೆ ನಿಂತ, ಮತ್ತೆ ಮತ್ತೆ ಕಡಿದು ಕೂಡಿಸಿದ ಹಡಗುಗಳ ಮೇಲೆ.

1910ರ ನವೆಂಬರ್ 14ರಂದು ಯೂಜೀನ್ ಈಲಿ ಎಂಬ ಅಮೆರಿಕದ ಹಾರಾಟಗಾರ ಬರ್ಮಿಂಗ್‌ಹ್ಯಾಮ್ ಎಂಬ ಯುದ್ಧನೌಕೆಗೆ ಹಾಸಿದ ಹಲಗೆಯ ಮೇಲಿಂದ ಹಾರಿದ. ಎರಡು ತಿಂಗಳ ನಂತರ, 1911ರ ಜನವರಿ 18ರಂದು, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಪೆನ್ಸಿಲ್ವೇನಿಯ ನೌಕೆಯ ಮೇಲೆ ಇಳಿದ. ಹಲಗೆಗೆ ಅಡ್ಡಲಾಗಿ ಹಗ್ಗಗಳನ್ನು ಎಳೆದು ಎರಡೂ ತುದಿಗೆ ಮರಳಿನ ಚೀಲ ಕಟ್ಟಿದ್ದರು. ವಿಮಾನದ ಅಡಿಯ ಕೊಕ್ಕೆ ಹಗ್ಗಕ್ಕೆ ಸಿಕ್ಕಿ, ಚೀಲಗಳು ಎಳೆದುಕೊಂಡು ಬಂದು, ವೇಗ ಇಳಿಯಿತು. ಮೊದಲ ಯತ್ನದಲ್ಲೇ ಸರಿಯುತ್ತರ ಸಿಕ್ಕಂತಾಯಿತು. ಆದರೆ ಆ ಉತ್ತರ ನಿಂತ ಹಡಗಿನದು. ಕಡಲಲ್ಲಿ ಓಡುವ, ಹೊಗೆ ಉಗುಳುವ, ಅಲೆಗೆ ತೊನೆಯುವ ಹಡಗಿನ ಮೇಲೆ ಏನಾಗುತ್ತದೆಂದು ಯಾರಿಗೂ ತಿಳಿದಿರಲಿಲ್ಲ. 1914ರ ಕ್ರಿಸ್‌ಮಸ್ ದಿನ ಬ್ರಿಟಿಷರು ಜರ್ಮನಿಯ ಕುಕ್ಸ್‌ಹಾವನ್ ಮೇಲೆ ದಾಳಿಗೆ ಹೊರಟದ್ದು ಇಂಗ್ಲಿಷ್ ಕಡಲ್ಗಾಲುವೆ ದಾಟಿಸುವ ಪ್ರಯಾಣಿಕರ ಹಡಗುಗಳಲ್ಲಿ ಕಡಲವಿಮಾನಗಳನ್ನು ಹೇರಿಕೊಂಡು. ಅವನ್ನು ಯಂತ್ರದಿಂದ ನೀರಿಗಿಳಿಸಬೇಕು, ನೀರಿಂದಲೇ ಹಾರಿಸಬೇಕು, ಮರಳಿ ಬಂದರೆ ನೀರಿಂದ ಎತ್ತಿಕೊಳ್ಳಬೇಕು. ಅಲೆ ಜೋರಾದರೆ ಎಲ್ಲವೂ ನಿಂತಂತೆ.

ಈ ವಿದ್ಯೆಯ ನಿಜವಾದ ಪಾಠಶಾಲೆ ಬ್ರಿಟಿಷರ ಫ್ಯೂರಿಯಸ್ ನೌಕೆ. ದೊಡ್ಡ ಫಿರಂಗಿಗಳಿಗೆಂದು ಕಟ್ಟುತ್ತಿದ್ದ ಆ ಹಡಗಿನ ಮುಂಭಾಗದಲ್ಲಿ ಫಿರಂಗಿಯ ಬದಲು ಹಾರುವ ಡೆಕ್ ಹಾಸಿದರು. 1917ರ ಆಗಸ್ಟ್ 2ರಂದು ಎಡ್ವಿನ್ ಡನ್ನಿಂಗ್ ಎಂಬ ಅಧಿಕಾರಿ ಸಾಪ್‌ವಿತ್ ಪಪ್ ವಿಮಾನದಲ್ಲಿ ಹಡಗಿನ ಪಕ್ಕದಿಂದಲೇ ಬಂದು, ನಡುವಿನ ಕಟ್ಟಡವನ್ನು ಬಳಸಿ, ಆ ಡೆಕ್ಕಿನ ಮೇಲೆ ಓರೆಯಾಗಿ ಜಾರಿದ. ಹಡಗು ಗಾಳಿಗೆದುರಾಗಿ ಪೂರ್ಣ ವೇಗದಲ್ಲಿ ಓಡುತ್ತಿದ್ದುದರಿಂದ ಹಗುರವಾದ ವಿಮಾನ ಡೆಕ್ಕಿನ ಮೇಲೆ ಹೆಚ್ಚುಕಡಿಮೆ ನಿಂತೇಬಿಟ್ಟಿತು. ಅಲ್ಲಿದ್ದವರು ಅದಕ್ಕೆ ಕಟ್ಟಿದ ಪಟ್ಟಿಗಳನ್ನು ಹಿಡಿದು ಕೆಳಗೆಳೆದರು. ಓಡುವ ಹಡಗಿನ ಮೇಲೆ ಮನುಷ್ಯ ಇಳಿದದ್ದು ಅದೇ ಮೊದಲು. ಐದು ದಿನಗಳ ನಂತರ ಮತ್ತೆ ಇಳಿಯುವಾಗ ವಿಮಾನ ಅಂಚಿನಿಂದ ಕಡಲಿಗೆ ಉರುಳಿ ಡನ್ನಿಂಗ್ ತೀರಿಕೊಂಡ. ಇಳಿಯಲು ಬೇರೆ ಜಾಗ ಬೇಕೆಂದು ಹಿಂಭಾಗಕ್ಕೂ ಡೆಕ್ ಹಾಸಿದರು. ಆಗ ಹೊಗೆಕೊಳವೆಯ ಬಿಸಿಗಾಳಿ, ನಡುವಿನ ಕಟ್ಟಡಕ್ಕೆ ಬಡಿದು ಸುಳಿಯಾದ ಗಾಳಿ ಎರಡೂ ಸೇರಿ, ಇಳಿಯಲು ಬಂದ ವಿಮಾನಗಳನ್ನು ಎತ್ತಿ ಕುಕ್ಕಿದವು. ಬಹುಪಾಲು ಯತ್ನಗಳು ವಿಫಲವಾದವು. ಆದರೂ 1918ರ ಜುಲೈ 19ರಂದು ಇದೇ ಹಡಗಿನಿಂದ ಹೊರಟ ಏಳು ಕ್ಯಾಮೆಲ್ ವಿಮಾನಗಳು ಆಗ ಜರ್ಮನಿಯದಾಗಿದ್ದ ಟಾಂಡರ್ನ್‌ನಲ್ಲಿ ಎರಡು ಜೆಪಲಿನ್ ವಾಯುನೌಕೆಗಳನ್ನು ಸುಟ್ಟುಹಾಕಿದವು. ಕೆಲಸ ಮುಗಿಸಿದವರಿಗೆ ಮರಳಿ ಹಡಗಿನ ಮೇಲೆ ಇಳಿಯುವ ದಾರಿಯೇ ಇರಲಿಲ್ಲ. ಕೆಲವರು ಡೆನ್ಮಾರ್ಕಿನ ನೆಲದಲ್ಲಿ ಇಳಿದರು. ಏರುವ ಕಲೆ ಪೂರ್ತಿ ಕೈವಶವಾದ ಮೇಲೂ ಇಳಿಯುವ ಕಲೆ ಇಲ್ಲದಿದ್ದರೆ ಈ ನೌಕೆ ಅರ್ಧ ಮಾತ್ರ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ವರ್ಷದ ಸೆಪ್ಟೆಂಬರಿನಲ್ಲಿ ಸಿದ್ಧವಾದ ಆರ್ಗಸ್ ಮೂಲತಃ ಇಟಲಿಯ ಕಂಪನಿಗೆಂದು ಕಟ್ಟುತ್ತಿದ್ದ ಪ್ರಯಾಣಿಕರ ಹಡಗು. ಯುದ್ಧ ಬಂದು ಕೆಲಸ ನಿಂತಿತ್ತು. ಅದರ ನೆತ್ತಿಯ ಮೇಲೆ ತುದಿಯಿಂದ ತುದಿಗೆ ಸಮತಟ್ಟಾದ ಅಂಗಳ ಹಾಸಿ, ಹೊಗೆಯನ್ನು ಕೊಳವೆಗಳ ಮೂಲಕ ಹಿಂಬದಿಗೆ ಒಯ್ದರು. ಫ್ಯೂರಿಯಸ್‌ನಲ್ಲಿ ಕಲಿತದ್ದು ಇಲ್ಲಿ ಫಲ ಕೊಟ್ಟಿತು. ಇಲ್ಲೊಂದು ಆಕ್ಷೇಪ ಬರಬಹುದು: ವಿಮಾನವಾಹಕವೆಂದೇ ನಕ್ಷೆ ಮಾಡಿ ಕಟ್ಟಿದ ಬ್ರಿಟನ್ನಿನ ಹರ್ಮಿಸ್, ಜಪಾನಿನ ಹೋಶೊಗಳಿಂದ ತಾನೆ ನಿಜವಾದ ಇತಿಹಾಸ ಶುರುವಾಗುವುದು? ಈ ಮಾತು ಒಪ್ಪುವಂಥದ್ದಲ್ಲ. ಹರ್ಮಿಸ್ ಕೆಲಸ 1918ರಲ್ಲೇ ಆರಂಭವಾದರೂ ಮುಗಿಯಲು ಆರು ವರ್ಷ ಹಿಡಿಯಿತು. ಬೇರೆ ಹಡಗುಗಳ ಮೇಲಿನ ಪ್ರಯೋಗಗಳ ಫಲಿತಾಂಶ ಬಂದಂತೆಲ್ಲ ಅದರ ನಕ್ಷೆ ಬದಲಾಗುತ್ತಿದ್ದುದು ಇದಕ್ಕೊಂದು ಮುಖ್ಯ ಕಾರಣ. 1922ರ ಡಿಸೆಂಬರಿನಲ್ಲಿ ಸೇವೆಗೆ ಬಂದ ಹೋಶೊ ಮೇಲೆ ಮರುವರ್ಷ ಮೊದಲು ಇಳಿದದ್ದು ಬ್ರಿಟಿಷ್ ಹಾರಾಟಗಾರ. ಅಮೆರಿಕದ ಮೊದಲ ವಿಮಾನವಾಹಕ ಲ್ಯಾಂಗ್ಲಿ ಅಂತೂ ಕಲ್ಲಿದ್ದಲು ಸಾಗಿಸುತ್ತಿದ್ದ ಹಡಗು.

ಈ ಕಣ್ಣಿನಿಂದ ನೋಡಿದರೆ ನಮ್ಮ ನೌಕೆಗಳ ಬಗ್ಗೆ ಆಗಾಗ ಕೇಳುವ ದೂರಿಗೂ ಉತ್ತರವಿದೆ. ಭಾರತ ಹಳೆಯದನ್ನೇ ಕೊಂಡಿತು ಎನ್ನುತ್ತಾರೆ. ನಿಜ. 1945ರಲ್ಲಿ ನೀರಿಗಿಳಿದು ಅರ್ಧಕ್ಕೆ ನಿಂತ ಬ್ರಿಟನ್ನಿನ ಹರ್ಕ್ಯುಲಿಸ್ 1957ರಲ್ಲಿ ನಮ್ಮದಾಗಿ, ಓರೆ ಡೆಕ್, ವಿಮಾನವನ್ನು ಚಿಮ್ಮಿಸುವ ಉಗಿಯ ಕ್ಯಾಟಪಲ್ಟ್ ಪಡೆದು, 1961ರಲ್ಲಿ ವಿಕ್ರಾಂತ್ ಆಯಿತು. ರಷ್ಯದ ಗೋರ್ಷ್‌ಕೋವ್ 2013ರಲ್ಲಿ ವಿಕ್ರಮಾದಿತ್ಯವಾಯಿತು. ಆದರೆ ಅರ್ಧಕ್ಕೆ ನಿಂತ ಒಡಲನ್ನು ಬದಲಿಸಿ ಕಲಿಯುವುದು ಈ ನೌಕೆಯ ಹುಟ್ಟುಗುಣ. ಅದು ಅಗ್ಗದ ದಾರಿ ಎಂದು ಮಾತ್ರ ಹೇಳಲಾಗದು: ಗೋರ್ಷ್‌ಕೋವ್ ಒಪ್ಪಂದ 97.4 ಕೋಟಿ ಡಾಲರಿನಿಂದ 235 ಕೋಟಿಗೆ ಏರಿತು, ಐದು ವರ್ಷ ತಡವಾಯಿತು. ಕಾರವಾರದ ನೆಲೆಗಾಗಿ ಕರಾವಳಿಯ ಹಳ್ಳಿಗಳವರು ಮನೆ, ಗದ್ದೆ, ಮೀನುಗಾರಿಕೆಯ ದಡ ಬಿಟ್ಟುಕೊಟ್ಟದ್ದೂ ಈ ಲೆಕ್ಕಕ್ಕೆ ಸೇರಬೇಕು. ಭದ್ರಾ ಹಿನ್ನೀರಿಗೆ ಊರು ಕಳೆದುಕೊಂಡವರ ನೆನಪಿರುವ ನರಸಿಂಹರಾಜಪುರದ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಕಠಿಣವಾದ ಪ್ರಶ್ನೆ ಬೆಂಗಳೂರಿನದು. ಅಲ್ಲಿ ರೂಪುಗೊಂಡ ನೌಕಾ ತೇಜಸ್ 2012ರ ಏಪ್ರಿಲಿನಲ್ಲಿ ಮೊದಲು ಹಾರಿತು. ಡೆಕ್ಕಿಗೆ ಬಡಿದಂತೆ ಇಳಿಯುವುದನ್ನು ತಾಳಲೆಂದು ಕಾಲುಗಳನ್ನು ಬಲಪಡಿಸಿ, ಬಾಲದಡಿ ಕೊಕ್ಕೆ ಜೋಡಿಸಿದ್ದರು. ತೂಕ ಹೆಚ್ಚೆಂದು 2016ರಲ್ಲಿ ನೌಕಾಪಡೆ ಅದನ್ನು ಒಲ್ಲೆನೆಂದಿತು. 2025ರಲ್ಲಿ ನೌಕಾಪಡೆಗೆಂದು ಫ್ರಾನ್ಸಿನ 26 ರಫೇಲ್ ವಿಮಾನಗಳಿಗೆ ಒಪ್ಪಂದವಾಯಿತು. ಹಾಗಾದರೆ ಅಷ್ಟು ವರ್ಷದ ಶ್ರಮ ವ್ಯರ್ಥವೇ? ನನಗೆ ಹಾಗೆ ತೋರುವುದಿಲ್ಲ. ಮುಂದುವರಿದ ಪರೀಕ್ಷೆಗಳಲ್ಲಿ, 2020ರ ಜನವರಿ 11ರಂದು, ಆ ವಿಮಾನ ವಿಕ್ರಮಾದಿತ್ಯದ ಅಡ್ಡತಂತಿಗೆ ಕೊಕ್ಕೆ ಸಿಕ್ಕಿಸಿ ನಿಂತಿತು. ಮರುದಿನ ಅದೇ ಡೆಕ್ಕಿನಿಂದ ಏರಿತು. ಫ್ಯೂರಿಯಸ್‌ನ ಹಿಂಬದಿ ಡೆಕ್ ಸೋತಿತ್ತು, ಆದರೆ ಅದು ಸೋತ ಕಾರಣ ಗೊತ್ತಿದ್ದರಿಂದಲೇ ಆರ್ಗಸ್‌ನ ಬಯಲು ಡೆಕ್ ಬಂತು. ತೇಜಸ್ ಅಳೆದುಕೊಟ್ಟ ಲೆಕ್ಕಗಳೂ ಹಾಗೆಯೇ, ಬೆಂಗಳೂರಿನ ವಿನ್ಯಾಸಕಾರರು ಈಗ ನೌಕಾಪಡೆಗೆಂದು ರೂಪಿಸುತ್ತಿರುವ ಎರಡು ಎಂಜಿನ್ನಿನ ವಿಮಾನದ ನಕ್ಷೆಗೆ ಆಧಾರವಾಗಿವೆ.