ಗೇನ್ ಎಂದರೆ ವಾಲ್ಯೂಮ್ ಅಲ್ಲ

ಭೌತಶಾಸ್ತ್ರ ಪುಸ್ತಕದ ಒಂದು ಸಣ್ಣ ಸೂತ್ರ ಕಾರಿನ ಸ್ಪೀಕರನ್ನು ಸುಡದಂತೆ ಕಾಪಾಡಬಲ್ಲದು ಎಂದರೆ ನಂಬುತ್ತೀರಾ? ರಜೆಯಲ್ಲಿ ನಾನು ಮಾಮನ ಕಾರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ ಕಲಿಯುತ್ತೇನೆ. ಅಲ್ಲಿಗೆ ಬರುವ ಸುಟ್ಟ ಸಬ್‌ವೂಫರ್‌ಗಳಲ್ಲಿ ಹೆಚ್ಚಿನವುಗಳ ಕಥೆ ಒಂದೇ. ಆಂಪ್ಲಿಫೈಯರ್‌ನ ‘ಗೇನ್’ ಅನ್ನು ವಾಲ್ಯೂಮ್ ಎಂದು ತಿಳಿದು ಯಾರೋ ಕೊನೆಯವರೆಗೂ ತಿರುಗಿಸಿರುತ್ತಾರೆ.

ಸ್ಟೀರಿಯೊದಿಂದ ಆಂಪ್‌ಗೆ ಬರುವ ಸಿಗ್ನಲ್ ಚಿಕ್ಕದು. ಕೆಲವು ಸ್ಟೀರಿಯೊಗಳಲ್ಲಿ 2 ವೋಲ್ಟ್, ಕೆಲವದರಲ್ಲಿ 4 ವೋಲ್ಟ್. ಎಷ್ಟು ವೋಲ್ಟ್ ಬಂದಾಗ ಆಂಪ್ ತನ್ನ ಪೂರ್ಣ ಶಕ್ತಿ ಕೊಡಬೇಕು ಎಂಬುದನ್ನು ಗೇನ್ ಹೊಂದಿಸುತ್ತದೆ. ಗೇನ್ ಹೆಚ್ಚಿಸಿದರೆ ಆಂಪ್‌ನ ಶಕ್ತಿ ಹೆಚ್ಚುವುದಿಲ್ಲ, ಅದು ತನ್ನ ಮಿತಿಯನ್ನು ಬೇಗ ಮುಟ್ಟುತ್ತದೆ ಅಷ್ಟೆ. ಮಿತಿ ದಾಟಿದರೆ ಸೈನ್ ಅಲೆಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಇದೇ ಕ್ಲಿಪ್ಪಿಂಗ್. ತುದಿಯ ಎತ್ತರ ಒಂದೇ ಆಗಿದ್ದರೂ ಪೂರ್ತಿ ಚೌಕಾಕಾರದ ಅಲೆಯ ಶಕ್ತಿ ಸೈನ್ ಅಲೆಯ ಎರಡು ಪಟ್ಟು. ಆ ಹೆಚ್ಚುವರಿ ಶಕ್ತಿ ಸ್ಪೀಕರ್‌ನ ಕಾಯಿಲ್‌ನಲ್ಲಿ ಶಾಖವಾಗಿ, ಕೊನೆಗೆ ಕಾಯಿಲ್ ಸುಡುತ್ತದೆ.

ಮೊದಲು ವೈರಿಂಗ್ ಸರಿಯಿರಬೇಕು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಯೇ ಕೆಲಸ ಆರಂಭಿಸಿ. ಪವರ್ ವೈರ್‌ಗೆ ಬ್ಯಾಟರಿಯಿಂದ ಸುಮಾರು 45 ಸೆಂ.ಮೀ. ಒಳಗೆ ಫ್ಯೂಸ್ ಕಡ್ಡಾಯ. ಫ್ಯೂಸ್ ಆಂಪ್‌ನ ಬಳಿ ಮಾತ್ರ ಇದ್ದು, ನಡುವೆ ಎಲ್ಲೋ ವೈರ್ ಉಜ್ಜಿ ಕಾರಿನ ಬಾಡಿಗೆ ತಾಗಿದರೆ ಬೆಂಕಿ ಹತ್ತಿಕೊಳ್ಳಬಹುದು. ಅರ್ಥ್ ವೈರ್ ಗಿಡ್ಡವಾಗಿರಲಿ; ಪೇಂಟ್ ಕೆರೆದು ಬರಿ ಲೋಹಕ್ಕೆ ಬೋಲ್ಟ್ ಮಾಡಿ. ಸಿಗ್ನಲ್ ಕೇಬಲ್ ಮತ್ತು ಪವರ್ ವೈರ್ ಕಾರಿನ ಎರಡು ಬೇರೆ ಬದಿಗಳಲ್ಲಿ ಹೋದರೆ ಎಂಜಿನ್ ಜೊತೆ ಏರುವ ‘ಕುಂಯ್’ ಸದ್ದು ಬರುವ ಸಾಧ್ಯತೆ ಕಡಿಮೆ.

ಇನ್ನು ಗೇನ್ ಹೊಂದಿಸುವ ಕ್ರಮ. ಬೇಕಾದದ್ದು ಒಂದು ಮಲ್ಟಿಮೀಟರ್ ಮತ್ತು 50 ಹರ್ಟ್ಸ್‌ನ ಟೆಸ್ಟ್ ಟೋನ್ ಫೈಲ್. ಅಗ್ಗದ ಮೀಟರ್ ಕೂಡ ಸಾಕು, ಏಕೆಂದರೆ ನಮ್ಮ ಮನೆಯ ಕರೆಂಟ್ ಸಹ 50 ಹರ್ಟ್ಸ್. ಮೀಟರ್ ಅದನ್ನು ಅಳೆಯಲೆಂದೇ ತಯಾರಾದದ್ದು.

1. ಆಂಪ್‌ನಿಂದ ಸಬ್‌ವೂಫರ್ ವೈರ್ ಬಿಚ್ಚಿ. ಗೇನ್ ಪೂರ್ತಿ ಇಳಿಸಿ. ಬಾಸ್ ಬೂಸ್ಟ್, ಈಕ್ವಲೈಜರ್, ಕ್ರಾಸ್‌ಓವರ್ ಎಲ್ಲವನ್ನೂ ಆಫ್ ಮಾಡಿ.
2. ಟೋನ್ ಹಾಕಿ ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಇಡಿ.
3. ಮೀಟರನ್ನು ಎ.ಸಿ. ವೋಲ್ಟ್‌ಗೆ ತಿರುಗಿಸಿ, ಆಂಪ್‌ನ ಸ್ಪೀಕರ್ ಟರ್ಮಿನಲ್‌ಗಳಿಗೆ ಹಿಡಿಯಿರಿ.
4. ಲೆಕ್ಕ ಹಾಕಿದ ವೋಲ್ಟ್ ಬರುವವರೆಗೆ ಗೇನನ್ನು ನಿಧಾನವಾಗಿ ಏರಿಸಿ, ಅಲ್ಲಿಗೇ ನಿಲ್ಲಿಸಿ.

ಆ ಲೆಕ್ಕವೇ ನಮ್ಮ ಸೂತ್ರ. ಶಕ್ತಿ = ವೋಲ್ಟ್‌ನ ವರ್ಗ ÷ ರೋಧ. ಅಂದರೆ ವೋಲ್ಟ್ = (ವ್ಯಾಟ್ × ಓಮ್) ಇದರ ವರ್ಗಮೂಲ. 100 ವ್ಯಾಟ್, 4 ಓಮ್ ಆದರೆ 400ರ ವರ್ಗಮೂಲ 20 ವೋಲ್ಟ್. ಅದೇ 100 ವ್ಯಾಟ್ 2 ಓಮ್‌ಗೆ ಸುಮಾರು 14.1 ವೋಲ್ಟ್. ಆಂಪ್ ಮತ್ತು ಸ್ಪೀಕರ್ ಎರಡರಲ್ಲಿ ಯಾವುದರ ವ್ಯಾಟ್ ಕಡಿಮೆಯೋ ಅದನ್ನೇ ತೆಗೆದುಕೊಳ್ಳಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿದ ‘ಮ್ಯಾಕ್ಸ್’ ವ್ಯಾಟ್ ಬೇಡ, ಒಳಗಿನ ಕೈಪಿಡಿಯಲ್ಲಿರುವ ಆರ್‌ಎಂಎಸ್ ವ್ಯಾಟ್ ಮಾತ್ರ ನೋಡಿ.

ನಂತರ ಆಂಪ್ ಆಫ್ ಮಾಡಿ ಸಬ್‌ವೂಫರ್ ಜೋಡಿಸಿ. ಸಬ್‌ವೂಫರ್‌ಗೆ ಲೋ ಪಾಸ್, ಬಾಗಿಲಿನ ಸ್ಪೀಕರ್‌ಗಳಿಗೆ ಹೈ ಪಾಸ್. ಎರಡನ್ನೂ 80 ಹರ್ಟ್ಸ್ ಆಸುಪಾಸಿನಿಂದ ಆರಂಭಿಸಿ ಕಿವಿಗೆ ಒಪ್ಪುವಂತೆ ಬದಲಿಸಬಹುದು. ಆದರೆ ಸ್ಟೀರಿಯೊ ವಾಲ್ಯೂಮನ್ನು ಆ ಮುಕ್ಕಾಲು ಗುರುತಿನಿಂದ ಮೇಲೆ ಒಯ್ಯಬೇಡಿ.

ಕೊನೆಯದಾಗಿ, ಸ್ಪೀಕರ್ ಸುಟ್ಟರೆ ಹೊಸದು ಸಿಗುತ್ತದೆ, ಕಿವಿ ಸಿಗುವುದಿಲ್ಲ. 85 ಡೆಸಿಬಲ್‌ಗಿಂತ ಮೇಲಿನ ಸದ್ದನ್ನು ಗಂಟೆಗಟ್ಟಲೆ ಕೇಳುವುದು ಶ್ರವಣಶಕ್ತಿಗೆ ಹಾನಿಕರ. ಮುಚ್ಚಿದ ಕಾರಿನಲ್ಲಿ ಆ ಮಟ್ಟ ಸುಲಭವಾಗಿ ದಾಟುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲಾ ಕಾಲೇಜುಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ನಮ್ಮ ಗೇಟಿನ ಮುಂದೆ ಹಾದುಹೋಗುವಾಗ ಅದು ನೆನಪಿರಲಿ.