ಮಗುವಿಗೆ ತಿಳಿಸದ ಪ್ರಯಾಣ

ಮಕ್ಕಳನ್ನು ಅಚ್ಚರಿಗೊಳಿಸಬೇಕೆಂಬ ಆಸೆ ತಂದೆತಾಯಿಗಳಿಗೆ ಸಹಜವಾದುದು. ಆದರೆ ಆ ಅಚ್ಚರಿಯ ಸುಖವು ಯಾರಿಗೆ ಸಲ್ಲುತ್ತದೆಂದು ವಿಚಾರಿಸುವವರು ವಿರಳ. ಒಂದು ನವರಾತ್ರಿಯಲ್ಲಿ ನಮಗೊದಗಿದ ಅನುಭವವನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ನಮ್ಮ ಮಗಳಿಗೆ ಆಗ ಆರು ವರ್ಷ. ಮಳೆ ಬಂದರೆ ಸೂರಿನಿಂದ ನೀರು ಧುಮುಕುವುದನ್ನು ಊಟ ಮರೆತು ನೋಡತಕ್ಕ ಸ್ವಭಾವ. ಅವಳಿಗೆ ಜೋಗದ ಜಲಪಾತವನ್ನು ತೋರಿಸಬೇಕೆಂದು ನಿಶ್ಚಯಿಸಿ, ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿಯ ರೈಲಿಗೆ ಒಂದು ತಿಂಗಳ ಮೊದಲೇ ಟಿಕೆಟುಗಳನ್ನು ಕೊಂಡೆವು. ಅವಳು ಮಲಗಿದ ಮೇಲೆ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಿದೆವು. ಹೊರಡುವ ದಿನ ಸಂಜೆ, "ಈ ರಾತ್ರಿಯೇ ರೈಲಿನಲ್ಲಿ ಪ್ರಯಾಣ!" ಎಂದು ಸಾರಿ, ಮಗು ಕುಣಿದಾಡುವುದೆಂದು ಕಾದು ನಿಂತೆವು. ಅವಳು ಬೊಂಬೆಗಳ ಮೆಟ್ಟಿಲುಗಳನ್ನೊಮ್ಮೆ ನೋಡಿದಳು, ನಮ್ಮನ್ನೊಮ್ಮೆ ನೋಡಿದಳು. ಬಿಕ್ಕಿ ಬಿಕ್ಕಿ ಅಳತೊಡಗಿದಳು.

ವಿಚಾರಿಸಲಾಗಿ ಕಾರಣ ತಿಳಿಯಿತು. ಮರುದಿನದ ಬೊಂಬೆ ಆರತಿಗೆ ನಾಲ್ವರು ಗೆಳತಿಯರನ್ನು ಅವಳು ತಾನೇ ಮನೆಮನೆಗೆ ಹೋಗಿ ಕರೆದಿದ್ದಳು. ಅವರಿಗೆ ಕೊಡಲು ಕೊಬ್ಬರಿ ಸಕ್ಕರೆಯನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ನಮ್ಮ ಗುಟ್ಟನ್ನು ಕಾಪಾಡುವ ಭರದಲ್ಲಿ ಅವಳ ಸಿದ್ಧತೆಯು ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ!

"ನಿಮ್ಮ ಕೆಲಸ ನಿಮಗೆ ದೊಡ್ಡದು, ಅವಳ ಕೆಲಸ ಅವಳಿಗೆ ದೊಡ್ಡದು. ಒಂದು ಮಾತು ಕೇಳಿದಿರಾ?" ಎಂದರು ಅಜ್ಜಿ. ನಮ್ಮಲ್ಲಿ ಉತ್ತರವಿರಲಿಲ್ಲ. ಮಗುವಿನ ಕೈ ಹಿಡಿದು ನಾಲ್ಕು ಮನೆಗಳಿಗೂ ಹೋಗಿ, ಆರತಿಯು ಮಹಾನವಮಿಯ ಸಂಜೆಗೆಂದು ಹೇಳಿ ಬಂದೆವು. ಅಳು ನಿಂತಿತು; ಆದರೂ ರೈಲಿನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹಿಂದಕ್ಕೆ ಯಾವಾಗ?"

ಬೆಳಗ್ಗೆ ತಾಳಗುಪ್ಪದಲ್ಲಿಳಿದು ಮೋಟಾರಿನಲ್ಲಿ ಜೋಗವನ್ನು ಸೇರಿದೆವು. ಶರಾವತಿಯು ಇಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ ೮೩೦ ಅಡಿ ಕೆಳಕ್ಕೆ ಧುಮುಕುತ್ತದೆ. ೧೯೬೪ರಲ್ಲಿ ಮೇಲ್ಗಡೆ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಂದಿನಿಂದ ಬೇಸಗೆಯಲ್ಲಿ ಧಾರೆಗಳು ಸೊರಗುವುವು. ಮಳೆಗಾಲವೂ ಅದರ ಬೆನ್ನಿನ ದಿನಗಳೂ ನೋಡಲು ತಕ್ಕವು. ಆ ವರ್ಷ ಮಳೆ ತಡವಾಗಿಯೂ ಸುರಿದಿದ್ದಿತು. ಆದರೆ ನಾವು ಹೋದಾಗ ಕಮರಿಯ ತುಂಬ ಮಂಜು! ಭೋರ್ಗರೆತದ ಹೊರತು ಬೇರೇನೂ ಇಲ್ಲ.

ಈ ಸಲ ಮಗುವಿಗೆ ಇದ್ದುದನ್ನು ಇದ್ದಂತೆ ಹೇಳಿದೆವು. "ಈ ಬಿಳಿಯ ತೆರೆಯ ಹಿಂದೆ ನಾಲ್ಕು ಕಡೆ ನೀರು ಬೀಳುತ್ತಿದೆ. ಗಾಳಿ ಬೀಸಿದರೆ ತೆರೆ ಸರಿಯುವುದು. ಯಾವಾಗ ಎಂಬುದು ನಮಗೂ ತಿಳಿಯದು." ಅವಳು ಕಂಬಿಯನ್ನು ಹಿಡಿದು ನಿಂತಳು. ಅರ್ಧ ಗಂಟೆ ಕಳೆಯಿತು. ಒಮ್ಮೆಲೆ ಮಂಜು ಹರಿದು ಒಂದು ಬೆಳ್ಳನೆಯ ಗೆರೆ ಕಂಡಿತು. "ಒಂದು!" ಎಂದು ಕೂಗಿದಳು. "ಎರಡು! ಮೂರು! ನಾಲ್ಕು!" ಅಷ್ಟರಲ್ಲಿ ತೆರೆ ಮತ್ತೆ ಮುಚ್ಚಿತು. ಹೋಗೋಣವೆ ಎಂದರೆ, "ಇನ್ನೊಮ್ಮೆ ಕಾಯೋಣ" ಎಂದಳು.

ಕಾಯುವುದೂ ಮಗುವಿಗೆ ಸುಖದ ಒಂದು ಪಾಲೆಂಬುದು ಅಂದು ನಮಗೆ ಅರಿವಾಯಿತು. ಆದಕಾರಣ ಪುಟ್ಟ ಮಕ್ಕಳಿರುವ ಗೃಹಸ್ಥರಲ್ಲಿ ನಮ್ಮ ಅರಿಕೆಯಿಷ್ಟೆ: ಹೋಗುವ ಸ್ಥಳ ಬೇಕಾದರೆ ಗುಟ್ಟಾಗಿರಲಿ, ಹೊರಡುವ ದಿನವನ್ನು ಮಾತ್ರ ಎರಡು ಮೂರು ದಿನ ಮುಂಚಿತವಾಗಿ ತಿಳಿಸತಕ್ಕದ್ದು. ಪೆಟ್ಟಿಗೆಯಲ್ಲಿ ಒಂದು ವಸ್ತುವನ್ನಾದರೂ ಮಗು ತಾನೇ ಇಡಲಿ. ಆ ದಿನ ಅದಕ್ಕೆ ಬೇರೆ ಕೆಲಸವಿದೆಯೇ ಎಂದು ಮೊದಲು ಕೇಳಿರಿ.

ಮಹಾನವಮಿಯ ಸಂಜೆ ನಾಲ್ವರು ಗೆಳತಿಯರೂ ಬಂದರು. ಕೊಬ್ಬರಿ ಸಕ್ಕರೆ ಹಂಚಿದ ಮೇಲೆ ನಮ್ಮ ಮಗಳು ಅವರನ್ನು ಸಾಲಾಗಿ ಕೂಡಿಸಿ, ಜೋಗವನ್ನು ತೋರಿಸುವುದಾಗಿ ಹೇಳಿ ಕಣ್ಣು ಮುಚ್ಚಿಸಿದಳು. "ಮೊದಲು ಬರೀ ಶಬ್ದ," ಎಂದಳು. "ನಾನು ಹೇಳುವ ತನಕ ಕಾಯಬೇಕು."