ಮರಿ ಸಿದ್ಧ, ನೀರು ಎಲ್ಲಿ?

ಮೂರು ವರ್ಷದ ಹಿಂದೆ ಔಷಧಿ ಹೊಡೆದ ಕ್ಯಾನನ್ನು ನಾನು ಕೃಷಿ ಹೊಂಡದಲ್ಲೇ ತೊಳೆದೆ. ಎರಡೇ ದಿನಕ್ಕೆ ಗೊದಮೊಟ್ಟೆಗಳೆಲ್ಲ ಸತ್ತು ತೇಲಿದವು. ಮೆಕ್ಸಿಕೋ ದೇಶದ ರೈತರ ಸುದ್ದಿಯನ್ನು ಮಗ ಓದಿ ಹೇಳಿದಾಗ ಮೊದಲು ನೆನಪಾದದ್ದು ಅದೇ.

ಮೆಕ್ಸಿಕೋ ನಗರದ ದಕ್ಷಿಣಕ್ಕೆ ಸೋಚಿಮಿಲ್ಕೊ ಅಂತ ಒಂದು ಜಾಗ. ಕೆರೆಯ ಕೆಸರೆತ್ತಿ ಏರಿಸಿದ ಪಟ್ಟಿ ಪಟ್ಟಿ ಹೊಲಗಳು, ಸುತ್ತ ಕಾಲುವೆ. ಈ ಹೊಲಕ್ಕೆ ಚಿನಾಂಪಾ ಎನ್ನುತ್ತಾರೆ. ಕಾಲುವೆ ಹೂಳೇ ಗೊಬ್ಬರ. ನಮ್ಮ ಹಾಗೆ ಮೋಡ ನೋಡುತ್ತ ಕೂರುವ ಪಾಡಿಲ್ಲ!

ಆ ಕಾಲುವೆಗಳ ಜೀವಿ ಆಕ್ಸಲಾಟಲ್, ಒಂದು ಜಾತಿಯ ಸಾಲಮ್ಯಾಂಡರ್. ಕಪ್ಪೆಯ ದೂರದ ನೆಂಟ. ಬಾಲ, ನಾಲ್ಕು ಕಾಲು, ಕತ್ತಿನ ಪಕ್ಕ ಗರಿಯಂಥ ಕಿವಿರು. ಗೊದಮೊಟ್ಟೆ ಬೆಳೆದು ದಡ ಹತ್ತುತ್ತದಲ್ಲ, ಇದು ಸಾಯೋತನಕ ನೀರಲ್ಲೇ. ಕಾಲು ತುಂಡಾದರೆ ಮತ್ತೆ ಬೆಳೆಸಿಕೊಳ್ಳುತ್ತೆ. ಅದಕ್ಕೇ ವಿಜ್ಞಾನಿಗಳಿಗೆ ಇದರ ಮೇಲೆ ಕಣ್ಣು. 1864ರಲ್ಲಿ 34 ಆಕ್ಸಲಾಟಲ್‌ಗಳನ್ನು ಪ್ಯಾರಿಸಿಗೆ ಒಯ್ದರು. ಒಂದು ಹೆಣ್ಣು ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುವುದರಿಂದ ಈಗ ಲೋಕದ ಗಾಜಿನ ತೊಟ್ಟಿಗಳಲ್ಲಿ ಲೆಕ್ಕವಿಲ್ಲದಷ್ಟಿವೆ.

ಹುಟ್ಟೂರಲ್ಲಿ ಮಾತ್ರ ಇಲ್ಲ. 1998ರ ಎಣಿಕೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 6000, 2014ರಲ್ಲಿ 36. ನಗರದ ಕೊಳಚೆ, ಹೊಲದ ವಿಷ ನೀರಿಗೆ ಸೇರಿತು. ಊಟಕ್ಕಾಗಲಿ ಅಂತ ತಂದು ಬಿಟ್ಟ ಗೆಂಡೆ ಮತ್ತು ಜಿಲೇಬಿ ಮೀನು ಮೊಟ್ಟೆ, ಮರಿ ತಿಂದವು. ಇಂಥ ನೀರಿಗೆ ಸಾವಿರ ಮರಿ ಸುರಿದರೂ ಮೀನಿಗೆ ಮೇವು ಹಾಕಿದಂತೆ.

ಅಲ್ಲಿನ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ಲೂಯಿಸ್ ಜಾಂಬ್ರಾನೊ ತಂಡ ರೈತರ ಜೊತೆ ಕೂತಿತು. ಹೊಲದ ಪಕ್ಕದ ಕಾಲುವೆಯ ಬಾಯಿಗೆ ಕಲ್ಲು, ನೀರುಗಿಡಗಳ ತಡೆ ಹಾಕಿದರು. ನೀರು ಸೋಸಿ ಒಳಗೆ ಬರುತ್ತೆ, ದೊಡ್ಡ ಮೀನು ಬರಲ್ಲ. ಆ ಹೊಲಕ್ಕೆ ವಿಷದ ಔಷಧಿ ಹೊಡೆಯುವಂತಿಲ್ಲ. ಬದಲಿಗೆ ಅವರ ಬೆಳೆಗೆ ಬೇರೆಯೇ ಗುರುತು ಚೀಟಿ. ನನಗೆ ಇದೇ ಮುಖ್ಯ ಅನಿಸಿತು. ಇಳುವರಿ ಇಳಿದರೆ ತುಂಬಿಕೊಡೋರು ಯಾರು ಅಂತ ನಾನಾದರೂ ಮೊದಲು ಕೇಳುತ್ತಿದ್ದೆ.

ತೊಟ್ಟಿಯಲ್ಲಿ ಹುಟ್ಟಿದ್ದಕ್ಕೆ ಬೇಟೆ ಬರುತ್ತದೆಯೆ? ಯಂತ್ರದ ಕಾವಿನಲ್ಲಿ ಒಡೆದ ಕೋಳಿಮರಿಗೆ ಹದ್ದು ಗೊತ್ತಾಗುತ್ತದೆಯೆ ಅಂದ ಹಾಗೆ. 18ಕ್ಕೆ ಪುಟ್ಟ ರೇಡಿಯೊ ಕಟ್ಟಿ ಎರಡು ಕಡೆ ಬಿಟ್ಟರು. ಒಂದು ಇಂಥ ಚಿನಾಂಪಾ ಕಾಲುವೆ, ಇನ್ನೊಂದು ಹಳೆ ಕಲ್ಲುಗಣಿಯ ಕೊಳ. 2025ರಲ್ಲಿ ಪ್ರಕಟವಾದ ವರದಿಯಂತೆ, ನಿಗಾ ಇಟ್ಟ ಅಷ್ಟೂ ದಿನ ಎಲ್ಲವೂ ಬದುಕಿದ್ದವು. ಮತ್ತೆ ಹಿಡಿದು ತೂಗಿದವು ಮೈ ತುಂಬಿಕೊಂಡಿದ್ದವು. ಆಮೇಲೆ ಎರಡು ಬೆಳ್ಳಕ್ಕಿ ಪಾಲಾದವು.

ನಾನು ಈಗ ಕ್ಯಾನ್ ತೊಳೆಯೋದು ಹೊಂಡಕ್ಕೆ ದೂರದ ಬದುವಿನಾಚೆ. ಈ ಸಲ ಗೊದಮೊಟ್ಟೆ ಕಂಡಿವೆ, ಮೊದಲಿನಷ್ಟಿಲ್ಲ.